ಬನವ್ವ ಗುಣ ಕೇಳಿದ್ದು

ಗುಳೇದಗುಡ್ಡದಲ್ಲಿ ನಾನು ಬಾಡಿಗೆ ಹಿಡಿದ ಮಾಳಿಗೆಯ ಕೆಳಗೆ
ಬನವ್ವನ ಕುಣಿಮಗ್ಗ.
ನಸುಕಿನ ಐದಕ್ಕೆ ಲಾಳಿ ಓಡತೊಡಗಿದರೆ
ನನ್ನ ಮೇಜಿನ ಮೇಲಿನ ಸೀಮೆಸುಣ್ಣ ಉರುಳಿ
ವಹಿಯ ಅಂಚಿಗೆ ಬಂದು ನಿಲ್ಲುತ್ತದೆ.

ವಹಿ ನೇಕಾರರ ಸೊಸೈಟಿಯದು, ಮುಚ್ಚಿದ ಮೇಲೆ ತೂಕಕ್ಕೆ ಮಾರಿದ್ದು.
ಮುಂದಿನ ಅರ್ಧದಲ್ಲಿ ಯಾರದೋ ನೂಲಿನ ಬಾಕಿ.
ಹಿಂದಿನ ಅರ್ಧದಲ್ಲಿ ನನ್ನ ಭಾಗಾಕಾರ.

ಮೊದಲು ಹೀಗೆ ಹೇಳಿದೆ ಅವಳಿಗೆ:
ಒಂದು ಎಳೆ ತಗೊ. ಇಮ್ಮಡಿ ಮಾಡು. ಮತ್ತೆ ಇಮ್ಮಡಿ.
ಮೂವತ್ತೊಂದು ಸಲ.
ಆ ರಾಶಿಯನ್ನು ನಡುವೆ ಸೀಳು, ಸಮ.
ಸೀಳಿದ್ದನ್ನು ಸೀಳು, ಸಮ. ಜಗಳವೇ ಇಲ್ಲ.
ಈಗ ಅದರಿಂದ ಒಂದೇ ಒಂದು ಎಳೆ ಕಿತ್ತು ಬಿಸಾಕು.

ಉಳಿದದ್ದು
ಎರಡುನೂರಾ ಹದಿನಾಲ್ಕು ಕೋಟಿ
ಎಪ್ಪತ್ತನಾಲ್ಕು ಲಕ್ಷ
ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು.
ಇನ್ನು ಯಾರಿಗೂ ಪಾಲು ಹಾಕಲು ಬರುವುದಿಲ್ಲ.
ಇಬ್ಬರಿಗಿಲ್ಲ, ಮೂವರಿಗಿಲ್ಲ, ಇಡೀ ಊರಿಗೆ ಕರೆದರೂ ಇಲ್ಲ.

‘ಯಾರ್ ನೋಡ್ಯಾರ್ರೀ ಹಂಚಿ?’

ಹಿಂದೆಯೇ ನೋಡಿದ್ದಾರೆ, ಪುಸ್ತಕದಲ್ಲಿದೆ.
ಮೊಬೈಲಿಗೆ ಕೇಳಿದರೆ ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತದೆ.
‘ಮತ್ತ ನೀವ್ಯಾಕ?’ ಎಂದವಳು ತಾನೇ ನಕ್ಕಳು.
ಎದುರು ಮನೆಯಲ್ಲಿ ಪವರ್‌ಲೂಮು
ಅವಳ ವಾರದ ಖಣವನ್ನು ಊಟದ ಹೊತ್ತಿಗೆ ಮುಗಿಸುತ್ತಿತ್ತು.

ಎಲ್ಲವನ್ನೂ ಭಾಗಿಸಬೇಕಿಲ್ಲ.
ಈ ಸಂಖ್ಯೆಯನ್ನು ಮುರಿಯಬಲ್ಲ ಅವಿಭಾಜ್ಯ ಯಾವುದಿದ್ದರೂ
ಅರವತ್ತೆರಡರಿಂದ ಭಾಗಿಸಿದಾಗ ತಾನೂ ಒಂದನ್ನು ಉಳಿಸಬೇಕು.
ಇನ್ನೊಂದು ಜರಡಿ ಹಿಡಿದರೆ ನೂರೂ ಉಳಿಯುವುದಿಲ್ಲ.
ಮುನ್ನೂರ ಹನ್ನೊಂದು: ಶೇಷ ಮೂವತ್ತೈದು.
ಸಾವಿರದ ಮುನ್ನೂರ ಮೂರು: ಶೇಷ ಇನ್ನೂರ ಇಪ್ಪತ್ತಾರು.
ಶಾಲೆ ಬಿಟ್ಟು ಬಂದು ದಿನಕ್ಕೊಂದು,
ಪರೀಕ್ಷೆಯ ತಿಂಗಳು ವಾರಕ್ಕೊಂದು.

ಐವತ್ತನೆಯದೋ ಐವತ್ತೊಂದೋ, ಕರೆಂಟು ಹೋಗಿತ್ತು,
ಕಂದೀಲಿನ ಬೆಳಕಲ್ಲಿ ಕೊನೆಯ ಸಾಲು ಕಳೆದೆ.
ಸೊನ್ನೆ.
ಕುರ್ಚಿ ಬಿಟ್ಟೆದ್ದೆ. ನೀರು ಕುಡಿದೆ.
ಯಾರೋ ತೀರಿಕೊಂಡ ಮನೆಯಲ್ಲಿ ನಿಂತ ಹಾಗೆ ನಿಂತಿದ್ದೆ,
ಲೋಕವೆಲ್ಲ ತಪ್ಪು, ನಾನೊಬ್ಬಳೇ ಸರಿ ಎಂಬ
ನಾಚಿಕೆಗೇಡಿ ಸಂತೋಷವೂ ಒಂದು ಗುಟುಕು ಇತ್ತು.

ಬನವ್ವ ಎಣ್ಣೆ ಕೇಳಲು ಬಂದಳು.
ಅವಳಿಗೆ ಭಾಗಾಕಾರ ಬಾರದು. ವಹಿಯನ್ನು ಓರೆ ಹಿಡಿದು
ಹಣಿಗೆಯಲ್ಲಿ ಹಾಸು ನೋಡುವಂತೆ ನೋಡಿದಳು,
ಉಗುರಿಟ್ಟಳು: ‘ಇಲ್ಲೆ ಎಳಿ ತಪ್ಪೈತಿ.’
ಏಳರ ಕೆಳಗೆ ನಿಲ್ಲಬೇಕಾದದ್ದು ನಾಲ್ಕರ ಕೆಳಗೆ ಜಾರಿತ್ತು.
ಒಂದು ಮನೆ ಆಚೆ, ಅಷ್ಟೇ.
ತಿದ್ದಿದೆ. ಸೊನ್ನೆ ಹೋಯಿತು, ಶೇಷ ಬಂತು.
ಎಣ್ಣೆ ಒಯ್ಯುವುದನ್ನು ಮರೆತು ಹೊಸ್ತಿಲಲ್ಲೇ ಕೂತಳು.

‘ಮುರಿಯೂದಿಲ್ಲ ಅನ್ನೂದ ಬಿಟ್ಟು
ಅದಕ್ಕ ಬ್ಯಾರೆ ಗುಣಾ ಏನರ ಐತೇನ್ರಿ?’

ಗುಣ.
ತರಗತಿಯಲ್ಲಿ ದಿನಾ ಆಡಿ ಸವೆದ ಮಾತು,
ಅವಳ ಬಾಯಲ್ಲಿ ಹೆಣ್ಣು ನೋಡಲು ಬಂದವರ ಪ್ರಶ್ನೆಯಾಗಿತ್ತು.

ಇದೆ, ಎಂದೆ.
ಅದಕ್ಕಿಂತ ಚಿಕ್ಕದು ಯಾವುದನ್ನೇ ಕೊಡು,
ಅದನ್ನು ಅದರಿಂದಲೇ ಗುಣಿಸುತ್ತ ಹೋಗು,
ಮಿತಿ ಮೀರಿದಾಗೆಲ್ಲ ಈ ದೊಡ್ಡದು ತನ್ನಷ್ಟನ್ನು ಕಳೆದು
ಉಳಿದದ್ದನ್ನು ತಿರುಗಿ ನಿನ್ನ ಕೈಗೇ ಕೊಡುತ್ತದೆ.
ಎಷ್ಟೇ ಅಲೆಯಲಿ, ಒಂದು ಹೆಜ್ಜೆಗೆ
ಕೈಯಲ್ಲಿ ಉಳಿಯುವುದು ಒಂದೇ.
‘ಎಲ್ಲಾನೂ ಒಂದಕ್ಕ ಬರತಾವು?’
ಎಲ್ಲವೂ. ಎರಡಂತೂ ಮೂವತ್ತೊಂದನೇ ಹೆಜ್ಜೆಗೇ.
‘ಮಗ್ಗಕ್ಕ ಹತ್ತಿರದ್ದು ಅದ,’ ಅಂದಳು, ಯಾಕೋ.

ಕೊನೆಯ ಭಾಗಾಕಾರ ಒಂದು ಸೋಮವಾರ ಮುಗಿಯಿತು.
ಓಣಿಯಲ್ಲಿ ನಳ ಬಂದಿತ್ತು, ಕೊಡಗಳ ಗದ್ದಲ.
ಕೆಳಗಿನಿಂದ ಬನವ್ವ ಕೂಗಿದಳು: ‘ಉಳೀತೇನ್ರಿ?’
ಉಳೀತು.

ಮಗ್ಗದ ತುದಿಯಲ್ಲಿ ನೇಯಲು ಬಾರದೆ ಉಳಿದ
ಕೆಂಪು ಎಳೆಗಳನ್ನು ಹುರಿ ಮಾಡಿ
ವಹಿಗೆ ಕಟ್ಟು ಹಾಕಿಕೊಟ್ಟಳು.
ಎಷ್ಟು ಎಳೆ, ನಾನಿನ್ನೂ ಎಣಿಸಿಲ್ಲ.